ಪಿಡಿಎಫ್ ಮಾಡುವ ಮುಂಚೆ: ನಮ್ಮ ಡಿಟಿಪಿ ಅಂಗಡಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ಡಿಟಿಪಿ ಅಂಗಡಿ ಇಟ್ಟವರಿಗೆ ಎಲ್ಲ ಥರದ ಗಿರಾಕಿಗಳೂ ಬರುತ್ತಾರೆ. ಮಾನಸಗಂಗೋತ್ರಿಯ ಸಂಶೋಧನಾ ವಿದ್ಯಾರ್ಥಿಗಳು, ಕರಾರು ಪತ್ರ ಬರೆಸುವವರು, ಶ್ರೀರಂಗಪಟ್ಟಣದ ಕಡೆಯಿಂದ ಪಹಣಿ ಹಿಡಿದು ಬರುವ ರೈತರು, ಲಗ್ನಪತ್ರಿಕೆ ಮಾಡಿಸುವವರು. ಎಲ್ಲರ ಬಾಯಲ್ಲೂ ಒಂದೇ ಮಾತು: "ಇದನ್ನ ಪಿಡಿಎಫ್ ಮಾಡ್ಕೊಡಿ ಸಾರ್." ಇದರಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಲಸ ಮನೆಯಲ್ಲೇ, ಪೈಸೆ ಖರ್ಚಿಲ್ಲದೆ ಆಗುತ್ತದೆ. ಇದನ್ನು ಹೇಳಿದರೆ ನಮ್ಮ ವ್ಯಾಪಾರಕ್ಕೆ ಸ್ವಲ್ಪ ಪೆಟ್ಟು, ಇರಲಿ.

ವರ್ಡ್ ಫೈಲನ್ನೇ ಕಳಿಸಿದ್ರೆ ಆಗಲ್ವಾ? ಪಿಡಿಎಫ್ ಯಾಕೆ ಬೇಕು?

ಇನ್ನೊಬ್ಬರು ತಿದ್ದಬೇಕು ಅಂತಿದ್ದರೆ ವರ್ಡ್ ಫೈಲನ್ನೇ ಕಳಿಸಿ. ಬರೀ ಓದಬೇಕು ಅಥವಾ ಪ್ರಿಂಟ್ ತೆಗೆಯಬೇಕು ಅಂದರೆ ಪಿಡಿಎಫ್ ಕಳಿಸಿ.

ವರ್ಡ್ ಫೈಲಿನಲ್ಲಿ ಪುಟ ಅನ್ನುವುದು ಗಟ್ಟಿಯಾಗಿ ಕೂತಿರುವುದಿಲ್ಲ. ಪ್ರತಿ ಸಲ ತೆರೆದಾಗಲೂ ಆ ಕಂಪ್ಯೂಟರಿನಲ್ಲಿ ಇರುವ ಫಾಂಟ್, ಆ ಪ್ರೋಗ್ರಾಮಿನ ಆವೃತ್ತಿ ನೋಡಿಕೊಂಡು ಸಾಲುಗಳನ್ನು ಹೊಸದಾಗಿ ಜೋಡಿಸುತ್ತದೆ. ನಿಮ್ಮ ಮನೆಯಲ್ಲಿ ಎರಡು ಪುಟಕ್ಕೆ ಸರಿಯಾಗಿ ಕೂತ ಅರ್ಜಿ ಕಚೇರಿಯ ಕಂಪ್ಯೂಟರಿನಲ್ಲಿ ಮೂರನೇ ಪುಟಕ್ಕೆ ಹೋಗುತ್ತದೆ. ಅಲ್ಲಿ ಸಹಿಯ ಜಾಗ ಒಂದೇ ಒಂಟಿಯಾಗಿ ನಿಂತಿರುತ್ತದೆ. ಪಿಡಿಎಫ್‌ನಲ್ಲಿ ಪ್ರತಿ ಅಕ್ಷರ ಪುಟದ ಯಾವ ಜಾಗದಲ್ಲಿ ಕೂರಬೇಕು ಅನ್ನುವುದು ಮೊದಲೇ ಬರೆದಿರುತ್ತದೆ. ಹಾಗಾಗಿ ಯಾವ ಯಂತ್ರದಲ್ಲಿ ತೆರೆದರೂ ಸಾಲು ಅಲುಗುವುದಿಲ್ಲ.

ಈ ತಲೆನೋವಿಗಾಗಿಯೇ ಅಡೋಬಿ ಕಂಪನಿಯ ಜಾನ್ ವಾರ್ನಾಕ್ 1991ರಲ್ಲಿ ಕೆಮಲಾಟ್ ಅನ್ನುವ ಯೋಜನೆ ಶುರು ಮಾಡಿದರು. 1993ರಲ್ಲಿ ಅದು ಪಿಡಿಎಫ್ ಆಗಿ ಹೊರಬಂತು. 2008ರಲ್ಲಿ ಐಎಸ್ಒ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆಯ ಮಾನಕವಾಯಿತು. ಅಂದರೆ ಈಗ ಅದು ಒಂದೇ ಕಂಪನಿಯ ಸೊತ್ತಲ್ಲ, ಯಾರು ಬೇಕಾದರೂ ಪಿಡಿಎಫ್ ಮಾಡುವ ಪ್ರೋಗ್ರಾಮ್ ಬರೆಯಬಹುದು.

ಅದಕ್ಕೆ ದುಡ್ಡು ಕೊಟ್ಟು ಸಾಫ್ಟ್‌ವೇರ್ ತಗೋಬೇಕಾ?

ಬೇಡವೇ ಬೇಡ. ವರ್ಡ್ 2010 ಮತ್ತು ಆಮೇಲಿನ ಆವೃತ್ತಿಗಳಲ್ಲಿ ಫೈಲ್, ಸೇವ್ ಆ್ಯಸ್ ಒತ್ತಿ ಕೆಳಗಿನ ಪಟ್ಟಿಯಲ್ಲಿ ಪಿಡಿಎಫ್ ಆರಿಸಿದರೆ ಮುಗಿಯಿತು. ವರ್ಡ್ ಇಲ್ಲದವರು ಲಿಬ್ರೆಆಫೀಸ್ ಹಾಕಿಕೊಳ್ಳಿ. ಪೂರ್ತಿ ಉಚಿತ, ಎಕ್ಸ್‌ಪೋರ್ಟ್ ಆ್ಯಸ್ ಪಿಡಿಎಫ್ ಅದರಲ್ಲೇ ಇದೆ. ಗೂಗಲ್ ಡಾಕ್ಸ್‌ನಲ್ಲಿ ಫೈಲ್, ಡೌನ್‌ಲೋಡ್, ಪಿಡಿಎಫ್. ವಿಂಡೋಸ್ 10 ಬಂದ ಮೇಲಂತೂ ಪ್ರಿಂಟರ್‌ಗಳ ಪಟ್ಟಿಯಲ್ಲೇ ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್ ಅಂತ ಒಂದು ಇರುತ್ತದೆ. ಪ್ರಿಂಟ್ ಕೊಡಲು ಬರುವ ಯಾವ ಪ್ರೋಗ್ರಾಮಿನಿಂದಲೂ ಅದಕ್ಕೆ ಕಳಿಸಬಹುದು. ಆಂಡ್ರಾಯ್ಡ್ ಫೋನಿನಲ್ಲೂ ಪ್ರಿಂಟ್ ಒತ್ತಿದರೆ ಸೇವ್ ಆ್ಯಸ್ ಪಿಡಿಎಫ್ ಕಾಣಿಸುತ್ತದೆ.

ಸೇವ್ ಆ್ಯಸ್ ಪಿಡಿಎಫ್, ಪ್ರಿಂಟ್ ಟು ಪಿಡಿಎಫ್ ಎರಡೂ ಒಂದೇನಾ?

ಕಣ್ಣಿಗೆ ಒಂದೇ. ಒಳಗೆ ಬೇರೆ ಬೇರೆ. ಪ್ರಿಂಟ್ ದಾರಿಯಲ್ಲಿ ಹೋದಾಗ ಕಂಪ್ಯೂಟರ್ ಅದನ್ನು ಕಾಗದ ಅಂದುಕೊಳ್ಳುತ್ತದೆ. ಕಾಗದದ ಮೇಲೆ ಲಿಂಕ್ ಒತ್ತಲು ಆಗುವುದಿಲ್ಲ ಅಲ್ವಾ, ಹಾಗಾಗಿ ಲಿಂಕ್‌ಗಳು ಸಾಮಾನ್ಯವಾಗಿ ಸತ್ತುಹೋಗುತ್ತವೆ. ಅಧ್ಯಾಯಗಳ ಬುಕ್‌ಮಾರ್ಕ್ ಹೋಗುತ್ತದೆ. ಕಣ್ಣು ಕಾಣದವರು ಸ್ಕ್ರೀನ್ ರೀಡರ್ ಹಾಕಿ ಓದಿಸಿಕೊಳ್ಳುವಾಗ ಯಾವುದು ತಲೆಬರಹ, ಯಾವುದು ಕೋಷ್ಟಕ ಅನ್ನುವ ಗುರುತೂ ಇರುವುದಿಲ್ಲ.

ಪ್ರಬಂಧ ಬರೆಯುವವರು ಇದನ್ನು ಗಮನಿಸಿ. ವರ್ಡ್‌ನಲ್ಲಿ ಅಧ್ಯಾಯದ ಹೆಸರುಗಳಿಗೆ ಸುಮ್ನೆ ದಪ್ಪ ಅಕ್ಷರ ಕೊಡಬೇಡಿ, ಹೆಡಿಂಗ್ ಸ್ಟೈಲ್ ಕೊಡಿ. ಪಿಡಿಎಫ್ ಆಗಿ ಸೇವ್ ಮಾಡುವಾಗ ಆಪ್ಷನ್ಸ್ ಒತ್ತಿ, ಹೆಡಿಂಗ್‌ಗಳಿಂದ ಬುಕ್‌ಮಾರ್ಕ್ ಮಾಡು ಅನ್ನುವುದಕ್ಕೆ ಟಿಕ್ ಹಾಕಿ. ಮುನ್ನೂರು ಪುಟದ ಪ್ರಬಂಧದಲ್ಲಿ ಐದನೇ ಅಧ್ಯಾಯ ಹುಡುಕುವ ಗೈಡ್ ನಿಮ್ಮನ್ನು ಮನಸ್ಸಿನಲ್ಲೇ ಹರಸುತ್ತಾರೆ. ಬೇರೆ ದಾರಿ ಇಲ್ಲದ ಪ್ರೋಗ್ರಾಮ್‌ಗಳಿಗೆ ಮಾತ್ರ ಪ್ರಿಂಟ್ ದಾರಿ ಇಟ್ಟುಕೊಳ್ಳಿ.

ನುಡಿಯಲ್ಲಿ ಟೈಪ್ ಮಾಡಿದ ಕನ್ನಡ, ಪಿಡಿಎಫ್‌ನಲ್ಲಿ ಯಾಕೆ ಗಜಿಬಿಜಿ ಆಗುತ್ತೆ?

ನಮ್ಮಲ್ಲಿ ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ನುಡಿ, ಬರಹ ಅನ್ನುವುದು ಕನ್ನಡ ಟೈಪ್ ಮಾಡುವ ತಂತ್ರಾಂಶಗಳು. ಅವುಗಳ ಹಳೆಯ ಫಾಂಟ್‌ಗಳು ಬಂದಾಗ ಕಂಪ್ಯೂಟರುಗಳಿಗೆ ಕನ್ನಡ ನೆಟ್ಟಗೆ ಬರುತ್ತಿರಲಿಲ್ಲ. ಹಾಗಾಗಿ ಫಾಂಟ್ ಮಾಡಿದವರು ಒಂದು ಉಪಾಯ ಮಾಡಿದರು. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದರು. ಫೈಲಿನ ಒಳಗೆ ಇರುವುದು ಆ ಇಂಗ್ಲಿಷ್ ಸಂಕೇತಗಳೇ. ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ. ಫಾಂಟ್ ಇಲ್ಲದಿದ್ದರೆ ನಿಜರೂಪ ಹೊರಗೆ ಬರುತ್ತದೆ. 'ನ' ಅಕ್ಷರ ಇರಬೇಕಾದ ಕಡೆ ಬ್ರಿಟನ್ನಿನ ಪೌಂಡ್ ಗುರುತು ಕಂಡರೆ ಅದು ಇಂಥ ಹಳೆಯ ಫಾಂಟಿನ ಫೈಲ್ ಅಂತ ಕಣ್ಣುಮುಚ್ಚಿ ಹೇಳಬಹುದು.

ಈಗ ಎಡವಟ್ಟು ಎಲ್ಲಿ ಆಗುತ್ತದೆ ನೋಡಿ. ಟೈಪ್ ಮಾಡಿದ್ದು ಅಂಗಡಿಯಲ್ಲಿ. ವರ್ಡ್ ಫೈಲ್ ವಾಟ್ಸಾಪ್‌ನಲ್ಲಿ ನಿಮಗೆ ಬಂತು. ನೀವು ಫೋನಿನಲ್ಲೇ ತೆರೆದು ಅಲ್ಲಿಂದಲೇ ಪಿಡಿಎಫ್ ಮಾಡಿದಿರಿ. ಫೋನಿನಲ್ಲಿ ನುಡಿ ಫಾಂಟ್ ಇಲ್ಲ. ಅದು ಗಜಿಬಿಜಿಯನ್ನೇ ಸರಿಯಾದ ಬರಹ ಅಂದುಕೊಂಡು ಪಿಡಿಎಫ್‌ನಲ್ಲಿ ಅಚ್ಚೊತ್ತಿತು. ಇನ್ನು ಆ ಪಿಡಿಎಫ್ ಅನ್ನು ಯಾವ ಕಂಪ್ಯೂಟರಿಗೆ ಹಾಕಿದರೂ ಸರಿಯಾಗುವುದಿಲ್ಲ. ಗೂಗಲ್ ಡಾಕ್ಸ್‌ಗೆ ಹಾಕಿದರೂ ಇದೇ ಕಥೆ. ಆದ್ದರಿಂದ ನಿಯಮ ಒಂದೇ: ಫಾಂಟ್ ಯಾವ ಕಂಪ್ಯೂಟರಿನಲ್ಲಿ ಇದೆಯೋ ಪಿಡಿಎಫ್ ಅಲ್ಲೇ ಆಗಬೇಕು. ಟೈಪ್ ಮಾಡಿಸಿದ ಅಂಗಡಿಯಲ್ಲಿ ನಿಂತೇ ಎರಡೂ ಫೈಲ್ ಕೇಳಿ ಪಡೆಯಿರಿ.

ಅಲ್ಲಿ ಪಿಡಿಎಫ್ ಮಾಡಿದಾಗ ಫಾಂಟಿನ ಆಕಾರಗಳು ಫೈಲಿನ ಒಳಗೇ ಸೇರಿಕೊಳ್ಳುತ್ತವೆ. ಇದಕ್ಕೆ ಎಂಬೆಡ್ ಅನ್ನುತ್ತಾರೆ. ಪೂರ್ತಿ ಫಾಂಟ್ ಸೇರಿಸುವುದಿಲ್ಲ, ನೀವು ಬಳಸಿದ ಆಕಾರಗಳಷ್ಟನ್ನೇ ಸೇರಿಸುವುದು ಮಾಮೂಲು. ಸೇರಿದೆಯೋ ಇಲ್ಲವೋ ನೋಡಲು ಅಡೋಬಿ ರೀಡರ್‌ನಲ್ಲಿ ಫೈಲ್, ಪ್ರಾಪರ್ಟೀಸ್, ಫಾಂಟ್ಸ್ ತೆರೆಯಿರಿ. ಪ್ರತಿ ಫಾಂಟಿನ ಹೆಸರಿನ ಪಕ್ಕ ಎಂಬೆಡೆಡ್ ಅಥವಾ ಎಂಬೆಡೆಡ್ ಸಬ್‌ಸೆಟ್ ಅಂತ ಇರಬೇಕು. ಇಲ್ಲದಿದ್ದರೆ ನಿಮ್ಮ ಕಂಪ್ಯೂಟರಿನಲ್ಲಿ ಚೆನ್ನಾಗಿ ಕಾಣುವ ಪಿಡಿಎಫ್ ಪಕ್ಕದ ಮನೆಯಲ್ಲಿ ಕೆಡುತ್ತದೆ. ಕೆಲವು ಫಾಂಟ್‌ಗಳು ಎಂಬೆಡ್ ಮಾಡಲು ಅನುಮತಿಯನ್ನೇ ಕೊಡುವುದಿಲ್ಲ. ಅಂಥ ಫಾಂಟನ್ನು ಮುಲಾಜಿಲ್ಲದೆ ಬದಲಾಯಿಸಿ.

ಇನ್ನೂ ಒಳ್ಳೆಯ ದಾರಿ ಅಂದರೆ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್‌ಗೆ, ಅಂದರೆ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತ ಇರುವ ಪದ್ಧತಿಗೆ, ಬದಲಾಯಿಸುವುದು. ನುಡಿ ತಂತ್ರಾಂಶದಲ್ಲೇ ಪರಿವರ್ತಕ ಇದೆ, ಬರಹದಲ್ಲೂ ಇದೆ. ಬದಲಾಯಿಸಿದ ಮೇಲೆ ಒಂದು ಸಲ ಪೂರ್ತಿ ಓದಲೇಬೇಕು. ನಡುವೆ ಇಂಗ್ಲಿಷ್ ಪದಗಳಿದ್ದರೆ ಅವೂ ಅರ್ಥವಿಲ್ಲದ ಕನ್ನಡವಾಗಿ ಬಿಡುವುದುಂಟು. ಅರ್ಕಾವೊತ್ತು ಇರುವ ಪದಗಳ ಮೇಲೆ ವಿಶೇಷ ಕಣ್ಣಿರಲಿ. ಹೊಸದಾಗಿ ಟೈಪ್ ಮಾಡುವವರು ಮೊದಲಿನಿಂದಲೇ ಯೂನಿಕೋಡ್ ಹಿಡಿಯಿರಿ. ವಿಂಡೋಸ್‌ನಲ್ಲಿ ತುಂಗಾ, ನಿರ್ಮಲಾ ಯುಐ ಫಾಂಟ್‌ಗಳಿವೆ, ಗೂಗಲ್‌ನ ನೋಟೊ ಕನ್ನಡ ಫಾಂಟ್‌ಗಳು ಉಚಿತವಾಗಿ ಸಿಗುತ್ತವೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಿಂದಲೇ ಜಾಗ ಇದೆ. ಇಷ್ಟು ವರ್ಷ ಆದರೂ ಹಳೆಯ ಫಾಂಟಿನಲ್ಲೇ ಕೊಡಿ ಅಂತ ಹಟ ಹಿಡಿಯುವವರು ಇದ್ದಾರೆ. ಅವರಿಗಾಗಿ ನಾವೂ ಎರಡನ್ನೂ ಇಟ್ಟುಕೊಂಡಿದ್ದೇವೆ.

ಯೂನಿಕೋಡ್‌ನಲ್ಲೇ ಟೈಪ್ ಮಾಡಿದೆ. ಆದ್ರೂ ಪಿಡಿಎಫ್‌ನಿಂದ ಕಾಪಿ ಮಾಡಿದ್ರೆ ಒತ್ತಕ್ಷರ ಚೆಲ್ಲಾಪಿಲ್ಲಿ ಆಗುತ್ತೆ. ಯಾಕೆ?

ಪಿಡಿಎಫ್ ಮುಖ್ಯವಾಗಿ ನೆನಪಿಟ್ಟುಕೊಳ್ಳುವುದು ಆಕಾರ ಮತ್ತು ಜಾಗವನ್ನು. ಭಾಷೆಯನ್ನಲ್ಲ. 'ಸೂರ್ಯ' ಅನ್ನುವ ಪದ ತೆಗೆದುಕೊಳ್ಳಿ. ಟೈಪ್ ಮಾಡುವಾಗ 'ರ' ಮೊದಲು, 'ಯ' ಆಮೇಲೆ. ಬರೆಯುವಾಗ ಮಾತ್ರ 'ಯ' ಮೊದಲು ಬಂದು ಅರ್ಕಾವೊತ್ತು ಅದರ ಬಲಕ್ಕೆ ಕೂರುತ್ತದೆ. ಪಿಡಿಎಫ್ ಒಳಗೆ ಆಕಾರಗಳು ಕಣ್ಣಿಗೆ ಕಾಣುವ ಸಾಲಿನಲ್ಲೇ ಕೂತಿರುತ್ತವೆ. ಕಾಪಿ ಮಾಡಿದಾಗ ರೀಡರ್ ಪ್ರೋಗ್ರಾಮು ಆಕಾರದಿಂದ ಅಕ್ಷರವನ್ನು ಊಹಿಸಬೇಕು, ಅಲ್ಲೇ ಎಡವುತ್ತದೆ. ಇಂಗ್ಲಿಷ್‌ನಲ್ಲಿ ಒಂದು ಆಕಾರಕ್ಕೆ ಒಂದು ಅಕ್ಷರ ಇರುವುದರಿಂದ ಅವರಿಗೆ ಈ ಗೋಳು ಕಡಿಮೆ. ಪಿಡಿಎಫ್‌ನಲ್ಲಿ ಕನ್ನಡ ಪದ ಹುಡುಕಿದಾಗ ಕೆಲವು ಸಿಗದೇ ಇರುವುದಕ್ಕೂ ಇದೇ ಕಾರಣ.

ಪ್ರಿಂಟಿಗೆ ಇದರಿಂದ ಏನೂ ತೊಂದರೆ ಇಲ್ಲ. ಬರಹ ಮತ್ತೆ ಬೇಕಾದರೆ ಮೂಲ ವರ್ಡ್ ಫೈಲ್ ಹುಡುಕಿ. ಅದೂ ಕಳೆದುಹೋಗಿದ್ದರೆ ಪಿಡಿಎಫ್ ಅನ್ನು ಗೂಗಲ್ ಡ್ರೈವ್‌ಗೆ ಹಾಕಿ ಗೂಗಲ್ ಡಾಕ್ಸ್‌ನಿಂದ ತೆರೆದು ನೋಡಿ. ಸ್ಕ್ಯಾನ್ ಪುಟವಾದರೆ ಅದು ಚಿತ್ರವನ್ನು ನೋಡಿ ಅಕ್ಷರ ಗುರುತಿಸುತ್ತದೆ, ಕನ್ನಡವೂ ಬರುತ್ತದೆ. ಟೆಸರಾಕ್ಟ್ ಅನ್ನುವ ಉಚಿತ ತಂತ್ರಾಂಶಕ್ಕೂ ಕನ್ನಡ ಗೊತ್ತು. ಎರಡರಲ್ಲೂ ತಪ್ಪು ಇದ್ದೇ ಇರುತ್ತದೆ, ಕೂತು ತಿದ್ದಬೇಕು.

ಎಕ್ಸೆಲ್ ಪಟ್ಟಿ ಪಿಡಿಎಫ್ ಮಾಡಿದ್ರೆ ಕೊನೆಯ ಕಾಲಂ ಬೇರೆ ಪುಟಕ್ಕೆ ಹೋಗುತ್ತೆ. ಏನು ಮಾಡೋದು?

ಎಕ್ಸೆಲ್‌ಗೆ ಪುಟ ಅಂದರೇನು ಅಂತ ನೀವೇ ಹೇಳಿಕೊಡಬೇಕು. ಹಾಲಿನ ಡೇರಿಯ ತಿಂಗಳ ಲೆಕ್ಕ ಅಂದುಕೊಳ್ಳಿ. ಸದಸ್ಯರ ಹೆಸರು, ಲೀಟರ್, ಫ್ಯಾಟ್, ದರ, ಮೊತ್ತ. ಮೊತ್ತದ ಕಾಲಂ ಮಾತ್ರ ಬೇರೆ ಹಾಳೆಗೆ ಹೋದರೆ ಯಾರ ದುಡ್ಡು ಯಾರದು ಅಂತ ಜಗಳವೇ. ಪೇಜ್ ಲೇಔಟ್‌ಗೆ ಹೋಗಿ ಹಾಳೆಯನ್ನು ಅಡ್ಡ ಮಾಡಿ, ಅಂದರೆ ಲ್ಯಾಂಡ್‌ಸ್ಕೇಪ್. ಸೈಜ್ ಎ4 ಇದೆಯೇ ನೋಡಿ. ಪ್ರಿಂಟ್ ಪರದೆಯಲ್ಲಿ ಎಲ್ಲ ಕಾಲಂಗಳನ್ನು ಒಂದು ಪುಟಕ್ಕೆ ಹೊಂದಿಸು ಅನ್ನುವುದನ್ನು ಆರಿಸಿ. ಪೂರ್ತಿ ಶೀಟನ್ನೇ ಒಂದು ಪುಟಕ್ಕೆ ಹೊಂದಿಸುವುದನ್ನು ಒತ್ತಬೇಡಿ. ನಾನೂರು ಸಾಲು ಒಂದೇ ಹಾಳೆಗೆ ಬಂದರೆ ಭೂತಗನ್ನಡಿ ಬೇಕಾಗುತ್ತದೆ.

ಪ್ರಿಂಟ್ ಟೈಟಲ್ಸ್‌ನಲ್ಲಿ ಮೇಲಿನ ಸಾಲನ್ನು ತೋರಿಸಿದರೆ ಕಾಲಂಗಳ ಹೆಸರು ಪ್ರತಿ ಪುಟದಲ್ಲೂ ಬರುತ್ತದೆ. ಅಂಕಿಯ ಜಾಗದಲ್ಲಿ ಹ್ಯಾಶ್ ಗುರುತುಗಳ ಸಾಲು ಕಂಡರೆ ಕಾಲಂ ಕಿರಿದಾಗಿದೆ ಅಂತ ಅರ್ಥ. ಎಕ್ಸೆಲ್‌ನಲ್ಲಿ ಆಮೇಲೆ ಅಗಲ ಮಾಡಬಹುದು, ಪಿಡಿಎಫ್‌ನಲ್ಲಿ ಆಗದು.

ಪವರ್‌ಪಾಯಿಂಟ್?

ಸುಲಭ. ಅನಿಮೇಷನ್, ವಿಡಿಯೊ ಕೆಲಸ ಮಾಡುವುದಿಲ್ಲ, ಅಷ್ಟೇ. ಒಂದರ ಮೇಲೊಂದು ಬರುವ ಚಿತ್ರಗಳಿದ್ದರೆ ಪಿಡಿಎಫ್‌ನಲ್ಲಿ ಎಲ್ಲವೂ ಒಟ್ಟಿಗೆ ಕಾಣುತ್ತವೆ. ಮಕ್ಕಳಿಗೆ ಹಂಚುವುದಾದರೆ ಹ್ಯಾಂಡ್‌ಔಟ್ ಆರಿಸಿ, ಪುಟಕ್ಕೆ ಮೂರೋ ಆರೋ ಸ್ಲೈಡ್ ಹಾಕಿ.

ಮಾರ್ಕ್ಸ್ ಕಾರ್ಡ್, ಆಧಾರ್ ಎಲ್ಲಾ ಸೇರಿಸಿ ಒಂದೇ ಪಿಡಿಎಫ್ ಮಾಡೋದು ಹೇಗೆ?

ಫೋನಿನಲ್ಲಿ ಸುಮ್ನೆ ಫೋಟೊ ಹೊಡೆಯಬೇಡಿ, ಸ್ಕ್ಯಾನ್ ಮಾಡಿ. ಆಂಡ್ರಾಯ್ಡ್‌ನಲ್ಲಿ ಗೂಗಲ್ ಡ್ರೈವ್ ಆ್ಯಪ್ ಒಳಗೇ ಸ್ಕ್ಯಾನ್ ಇದೆ, ಐಫೋನ್‌ನಲ್ಲಿ ನೋಟ್ಸ್ ಆ್ಯಪ್‌ನಲ್ಲಿದೆ. ಅಂಚು ಕತ್ತರಿಸಿ, ಓರೆ ಸರಿಪಡಿಸಿ, ಪುಟದ ಮೇಲೆ ಪುಟ ಸೇರಿಸುತ್ತಾ ಹೋಗಿ ಕೊನೆಗೆ ಒಂದೇ ಪಿಡಿಎಫ್ ಕೊಡುತ್ತವೆ. ಕಿಟಕಿಯ ಪಕ್ಕ ಹಗಲು ಬೆಳಕಿನಲ್ಲಿ, ನಿಮ್ಮ ಕೈಯ ನೆರಳು ಬೀಳದಂತೆ ತೆಗೆಯಿರಿ. ಲ್ಯಾಮಿನೇಷನ್ ಮಾಡಿಸಿದ ಕಾರ್ಡಿಗೆ ಫ್ಲಾಶ್ ಹಾಕಬೇಡಿ.

ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಚಿತ್ರವನ್ನು ಹಿಂಡಿ ಚಿಕ್ಕದು ಮಾಡುತ್ತದೆ, ಸಣ್ಣ ಅಕ್ಷರ ಮಸುಕಾಗುತ್ತದೆ. ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ. ಇನ್ನೊಂದು ಮಾತು. ಕಂಪ್ಯೂಟರಿನಲ್ಲಿ ಟೈಪ್ ಮಾಡಿದ ಪತ್ರವನ್ನು ಪ್ರಿಂಟ್ ತೆಗೆದು, ಅದರ ಫೋಟೊ ಹೊಡೆದು, ಆ ಫೋಟೊವನ್ನು ಪಿಡಿಎಫ್ ಮಾಡಿ ಕಳಿಸುವವರು ಬಹಳ ಜನ. ಶಾಯಿಯ ಸಹಿ ಬೇಕಿದ್ದರೆ ಸರಿ. ಇಲ್ಲದಿದ್ದರೆ ಕಾಗದವೂ ದಂಡ, ಅಕ್ಷರವೂ ಮಂಕು, ಫೈಲೂ ದೊಡ್ಡದು.

"ಫೈಲ್ 200 ಕೆಬಿ ಮೀರಬಾರದು" ಅಂತ ಅರ್ಜಿಯಲ್ಲಿದೆ. ನಮ್ಮದು 6 ಎಂಬಿ ಇದೆ!

ತೂಕವೆಲ್ಲ ಚಿತ್ರದ್ದು. ಎ4 ಹಾಳೆಯನ್ನು 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕಿಯಂತೆ, ಸ್ಕ್ಯಾನ್ ಮಾಡಿದರೆ ಅಡ್ಡ 2480, ಉದ್ದ 3508 ಚುಕ್ಕಿ. ಒಟ್ಟು ಸುಮಾರು 87 ಲಕ್ಷ. ಬಣ್ಣದಲ್ಲಿ ಒಂದೊಂದು ಚುಕ್ಕಿಗೆ 3 ಬೈಟ್ ಹಿಡಿದರೆ 26 ಎಂಬಿ ಆಗುತ್ತದೆ. ಜೆಪೆಗ್ ಅದನ್ನು ಒತ್ತಿ ಚಿಕ್ಕದು ಮಾಡುವುದರಿಂದ ನಿಮಗೆ ಅಷ್ಟು ಕಾಣುವುದಿಲ್ಲ. 150 ಡಿಪಿಐಗೆ ಇಳಿಸಿದರೆ ಚುಕ್ಕಿಗಳು ಅರ್ಧ ಅಲ್ಲ, ಕಾಲು ಭಾಗಕ್ಕೆ ಇಳಿಯುತ್ತವೆ. ಬಣ್ಣ ಬೇಡದಿದ್ದರೆ ಗ್ರೇ ಮಾಡಿ, ಇನ್ನೂ ಇಳಿಯುತ್ತದೆ. ಬರೀ ಅಕ್ಷರದ ಪತ್ರಕ್ಕೆ 150 ಸಾಕು, ಸಣ್ಣ ಅಕ್ಷರದ ಹಳೆಯ ಕ್ರಯಪತ್ರಕ್ಕೆ 200ರಿಂದ 300 ಇರಲಿ.

ಲಿಬ್ರೆಆಫೀಸ್‌ನ ಎಕ್ಸ್‌ಪೋರ್ಟ್ ಪರದೆಯಲ್ಲಿ ಜೆಪೆಗ್ ಗುಣಮಟ್ಟ, ಡಿಪಿಐ ಎರಡನ್ನೂ ಇಳಿಸಬಹುದು. ವರ್ಡ್‌ನಲ್ಲಿ ಮಿನಿಮಂ ಸೈಜ್ ಅಂತ ಒಂದು ಆಯ್ಕೆ ಇದೆ. ಇಳಿಸಿದ ಮೇಲೆ ನೋಂದಣಿ ಸಂಖ್ಯೆ, ಹುಟ್ಟಿದ ತಾರೀಕು ಓದಲು ಆಗುತ್ತದೆಯೇ ಅಂತ ದೊಡ್ಡದು ಮಾಡಿ ನೋಡಿ. ಅರ್ಜಿ ಸ್ವೀಕಾರ ಆಗಿ, ಆಮೇಲೆ ದಾಖಲೆ ಸ್ಪಷ್ಟವಿಲ್ಲ ಅಂತ ತಿರಸ್ಕಾರ ಆದರೆ ಹೊಟ್ಟೆ ಉರಿಯುತ್ತದೆ.

ಎ4, ಲೀಗಲ್ ಯಾವುದು ಇಡಬೇಕು?

ಮಾಮೂಲು ಎ4, 210 ಗುಣಿಸು 297 ಮಿಲಿಮೀಟರ್. ಲೀಗಲ್ ಅಂದರೆ ಎಂಟೂವರೆ ಇಂಚು ಅಗಲ, ಹದಿನಾಲ್ಕು ಇಂಚು ಉದ್ದ. ಕರಾರು ಪತ್ರಕ್ಕೆ ಯಾವ ಕಾಗದ ಅಂತ ಬರೆಸುವವರನ್ನು ಮೊದಲೇ ಕೇಳಿ, ವರ್ಡ್‌ನಲ್ಲಿ ಆ ಅಳತೆ ಇಟ್ಟ ಮೇಲೆ ಟೈಪ್ ಮಾಡಿ. ವರ್ಡ್ ಸುಮ್ನೆ ಬಿಟ್ಟರೆ ಕೆಲವು ಸಲ ಅಮೆರಿಕದ ಲೆಟರ್ ಅಳತೆಯಲ್ಲಿ ಇರುತ್ತದೆ, ಎಂಟೂವರೆ ಗುಣಿಸು ಹನ್ನೊಂದು ಇಂಚು. ಪ್ರಿಂಟ್ ಕೊಡುವಾಗ ಫಿಟ್ ಬದಲು ಆ್ಯಕ್ಚುಯಲ್ ಸೈಜ್ ಆರಿಸಿ, ಇಲ್ಲದಿದ್ದರೆ ಅಳತೆ ಸ್ವಲ್ಪ ಕುಗ್ಗುತ್ತದೆ. ಲಗ್ನಪತ್ರಿಕೆ ಪ್ರೆಸ್‌ಗೆ ಹೋಗುವುದಾದರೆ ಬಣ್ಣ ಅಂಚಿನ ಆಚೆಗೂ 3 ಮಿಲಿಮೀಟರ್ ಚಾಚಿರಲಿ, ಕತ್ತರಿಸುವಾಗ ಬಿಳಿ ಗೆರೆ ಉಳಿಯುವುದಿಲ್ಲ.

ಡಿಜಿಟಲ್ ಸಹಿ ಇರುವ ಪಿಡಿಎಫ್‌ನಲ್ಲಿ ಪ್ರಶ್ನೆ ಗುರುತು ಕಾಣುತ್ತೆ. ಅದು ನಕಲಿನಾ?

ಅಷ್ಟಕ್ಕೇ ನಕಲಿ ಅಲ್ಲ. ಆಧಾರ್ ಪಿಡಿಎಫ್‌ನಲ್ಲಿ ಇದು ಸಾಮಾನ್ಯ. ಸಹಿ ಯಾರದು ಅಂತ ನಿಮ್ಮ ರೀಡರ್ ಇನ್ನೂ ಪರೀಕ್ಷಿಸಿಲ್ಲ ಅಂತ ಮಾತ್ರ ಅರ್ಥ. ಕಂಪ್ಯೂಟರಿನಲ್ಲಿ ಅಡೋಬಿ ರೀಡರ್‌ನಿಂದ ತೆರೆದು, ಇಂಟರ್ನೆಟ್ ಇರುವಾಗ ಸಹಿಯ ಮೇಲೆ ಮೌಸ್‌ನ ಬಲಗಡೆಯ ಬಟನ್ ಒತ್ತಿ ವ್ಯಾಲಿಡೇಟ್ ಕೊಡಿ. ಪ್ರಮಾಣಪತ್ರವನ್ನು ನಂಬಿಕೆಯ ಪಟ್ಟಿಗೆ ಸೇರಿಸಿದ ಮೇಲೆ ಹಸಿರು ಟಿಕ್ ಬರುತ್ತದೆ. ಆಧಾರ್ ಫೈಲಿನ ಪಾಸ್‌ವರ್ಡ್ ಕೇಳುವವರಿಗೆ: ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ದೊಡ್ಡದರಲ್ಲಿ, ಅದಕ್ಕೆ ಅಂಟಿಕೊಂಡು ಹುಟ್ಟಿದ ಇಸವಿ.

ಡಿಜಿಟಲ್ ಸಹಿಗೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಮಾನ್ಯತೆ ಇದೆ. ಆದರೆ ಆ ಸಹಿ ಇರುವುದು ಫೈಲಿನಲ್ಲಿ, ಕಾಣುವ ಚಿತ್ರದಲ್ಲಲ್ಲ. ಆ ಪಿಡಿಎಫ್ ಅನ್ನು ಮತ್ತೆ ಪ್ರಿಂಟ್ ಟು ಪಿಡಿಎಫ್ ಮಾಡಿದರೆ, ಬೇರೆ ಫೈಲಿನ ಜೊತೆ ಸೇರಿಸಿದರೆ ಸಹಿ ಹೋಯಿತು. ಚಿತ್ರ ಹಾಗೇ ಕಾಣುತ್ತಿರುತ್ತದೆ, ಪರೀಕ್ಷೆಗೆ ಮಾತ್ರ ನಿಲ್ಲುವುದಿಲ್ಲ. ಇಳಿಸಿಕೊಂಡ ಫೈಲನ್ನು ಹಾಗೇ ಕಳಿಸಿ.

ಆನ್‌ಲೈನ್‌ನಲ್ಲಿ ಉಚಿತವಾಗಿ ಪಿಡಿಎಫ್ ಸೇರಿಸಿ ಕೊಡ್ತಾರಲ್ಲ, ಅದನ್ನ ಬಳಸಬಹುದಾ?

ಲಗ್ನಪತ್ರಿಕೆಗೆ ಬಳಸಿ. ಕ್ರಯಪತ್ರ, ಪ್ಯಾನ್, ಬ್ಯಾಂಕ್ ಪಾಸ್‌ಬುಕ್‌ಗೆ ಬೇಡ. ನಿಮ್ಮ ಫೈಲ್ ಯಾರದೋ ಕಂಪ್ಯೂಟರಿಗೆ ಹೋಗಿ ಬರುತ್ತದೆ. ಪಿಡಿಎಫ್‌ಸ್ಯಾಮ್‌ನಂಥ ಪ್ರೋಗ್ರಾಮನ್ನು ನಿಮ್ಮ ಕಂಪ್ಯೂಟರಿಗೇ ಹಾಕಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ಸೇರಿಸಬಹುದು, ಬಿಡಿಸಬಹುದು.

ಆಧಾರ್ ಸಂಖ್ಯೆಯ ಮೇಲೆ ಕಪ್ಪು ಚೌಕ ಹಾಕಿ ಕಳಿಸುತ್ತಾರೆ. ಚೌಕ ಮೇಲಿರುತ್ತದೆ, ಅಂಕಿ ಅದರ ಕೆಳಗೆ ಸುರಕ್ಷಿತವಾಗಿ ಕೂತಿರುತ್ತದೆ. ಮೌಸ್‌ನಲ್ಲಿ ಎಳೆದು ಕಾಪಿ ಮಾಡಿದರೆ ಹೊರಗೆ ಬರುತ್ತದೆ. ಆಧಾರ್ ಜಾಲತಾಣದಲ್ಲೇ ಮಾಸ್ಕ್ಡ್ ಪ್ರತಿ ಸಿಗುತ್ತದೆ, ಕೊನೆಯ 4 ಅಂಕಿ ಮಾತ್ರ ಕಾಣುತ್ತದೆ. ಅದನ್ನು ಇಳಿಸಿಕೊಳ್ಳಿ.

ಪಿಡಿಎಫ್‌ನ ವಾಪಸ್ ವರ್ಡ್ ಮಾಡಿಕೊಡ್ತೀರಾ? ಒಂದೇ ಒಂದು ಹೆಸರು ಬದಲಾಯಿಸಬೇಕು.

ಇಂಗ್ಲಿಷ್ ಆದರೆ ಸರಿ. ವರ್ಡ್ 2013ರಿಂದ ಪಿಡಿಎಫ್ ಅನ್ನು ನೇರ ತೆರೆಯಬಹುದು, ಸ್ವಲ್ಪ ಸಾಲು ಕದಲುತ್ತದೆ ಅಷ್ಟೇ. ಕನ್ನಡ ಆದರೆ ಮೇಲೆ ಹೇಳಿದ 'ಸೂರ್ಯ'ನ ಕಥೆಯೇ. ಹೊಸದಾಗಿ ಟೈಪ್ ಮಾಡುವುದೇ ಬೇಗ ಆಗುತ್ತದೆ, ಅದಕ್ಕೆ ದುಡ್ಡೂ ತಗೊಳ್ಳುತ್ತೇವೆ. ಮೂಲ ಫೈಲ್ ಇಟ್ಟುಕೊಳ್ಳಿ ಅಂತ ಮತ್ತೆ ಮತ್ತೆ ಹೇಳುವುದು ಅದಕ್ಕೇ. ಬೇರೆಯವರ ಅಂಕಪಟ್ಟಿ, ಪಹಣಿಯಲ್ಲಿ ಹೆಸರು ಬದಲಾಯಿಸಿ ಅಂತ ಬರುವವರಿಗೆ ನಮ್ಮಲ್ಲಿ ಒಂದೇ ಉತ್ತರ: ಆಗಲ್ಲ.

ಪಿಡಿಎಫ್/ಎ ಅಂದ್ರೆ ಏನು? ಗೈಡ್ ಕೇಳ್ತಿದ್ದಾರೆ.

ಬಹುಕಾಲ ಕಾಪಾಡುವ ಫೈಲಿಗಾಗಿ 2005ರಲ್ಲಿ ಬಂದ ಮಾನಕ. ಬಳಸಿದ ಫಾಂಟ್‌ಗಳೆಲ್ಲ ಒಳಗೇ ಇರಬೇಕು, ಪಾಸ್‌ವರ್ಡ್ ಇರಬಾರದು, ಹೊರಗಿನ ಯಾವ ವಸ್ತುವನ್ನೂ ಅದು ನೆಚ್ಚಿಕೊಂಡಿರಬಾರದು. ವರ್ಡ್‌ನ ಆಪ್ಷನ್ಸ್‌ನಲ್ಲೂ ಲಿಬ್ರೆಆಫೀಸ್‌ನಲ್ಲೂ ಒಂದು ಟಿಕ್ ಹಾಕಿದರೆ ಆಗುತ್ತದೆ.

ಮೈಸೂರಿನಲ್ಲಿ ಇದನ್ನು ವಿವರಿಸುವುದು ಕಷ್ಟ ಅಲ್ಲ. ಇಲ್ಲಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿ ಸಿಕ್ಕಿತು. ಗ್ರಂಥ ಲಿಪಿ ಬಲ್ಲ ಒಬ್ಬ ಪಂಡಿತರಿದ್ದರೆ ಅದನ್ನು ಓದಲು ಸಾಕಿತ್ತು. ಇಪ್ಪತ್ತು ವರ್ಷದ ಹಿಂದಿನ ನಿಮ್ಮ ಹಳೆಯ ಫಾಂಟಿನ ಫೈಲಿಗೆ ಆ ಫಾಂಟ್, ಆ ಪ್ರೋಗ್ರಾಮ್, ಅದು ಓಡುವ ಕಂಪ್ಯೂಟರ್ ಮೂರೂ ಬೇಕು. ಪ್ರಬಂಧಕ್ಕೆ ಮಾತ್ರವಲ್ಲ, ಮನೆಯ ಹಿರಿಯರ ಬರಹ ಟೈಪ್ ಮಾಡಿಸಿದ್ದರೆ ಅದಕ್ಕೂ ಈ ಟಿಕ್ ಹಾಕಿ.

ಫೈಲಿಗೆ ಕನ್ನಡದಲ್ಲಿ ಹೆಸರು ಇಡಬಹುದಾ?

ನಿಮ್ಮ ಕಂಪ್ಯೂಟರಿನಲ್ಲಿ ಧಾರಾಳವಾಗಿ ಇಡಿ. ಸರ್ಕಾರಿ ಜಾಲತಾಣಕ್ಕೆ ಹಾಕುವಾಗ ಇಂಗ್ಲಿಷ್ ಅಕ್ಷರ, ಅಂಕಿ ಮಾತ್ರ ಬಳಸಿ, ನಡುವೆ ಜಾಗ ಬಿಡಬೇಡಿ. ಕೆಲವು ಕಡೆ ಬೇರೆ ಅಕ್ಷರ ಕಂಡರೆ ಕಾರಣ ಹೇಳದೆ ಫೈಲನ್ನೇ ತಳ್ಳಿಬಿಡುತ್ತದೆ. ಹೆಸರಿನಲ್ಲಿ ನಿಮ್ಮ ಹೆಸರು, ದಾಖಲೆಯ ಹೆಸರು, ಇಸವಿ ಇರಲಿ. ಬರೀ ಸ್ಕ್ಯಾನ್ 1, ಫೈನಲ್, ಫೈನಲ್ ಹೊಸದು ಅಂತ ಇಟ್ಟುಕೊಂಡು ಬಂದರೆ ಯಾವುದು ಕಳಿಸಬೇಕು ಅಂತ ನಮ್ಮನ್ನು ಕೇಳಬೇಡಿ.